ತಲುಪುತ್ತಿದ್ದಾಳೆ

ಶಾಲೆಯ ಜಿಮ್‌ನಲ್ಲಿ ಮಡಚುಕುರ್ಚಿ ಹಾಕಿದ್ದರು, ಮೂರು ಸಾಲು.
ಹೊರಗೆ ಮೇನ್ ಕರಾವಳಿಯ ನವೆಂಬರ್ ಗಾಳಿ
ಬಾವುಟದ ಹಗ್ಗವನ್ನು ಕಂಬಕ್ಕೆ ಟಿಣ್ ಟಿಣ್ ಬಡಿಯುತ್ತಿತ್ತು.
ಎಲ್ಲರ ಮೈಯಲ್ಲೂ ಹೆರಿಂಗ್ ಮೀನಿನ ವಾಸನೆ,
ಆದ್ದರಿಂದ ಯಾರ ಮೈಯಲ್ಲೂ ವಾಸನೆ ಇರಲಿಲ್ಲ.

ಪ್ರಿನ್ಸಿಪಾಲ್ ಪೆಲ್ಟಿಯೆ ಗೋಡೆಯ ಮೇಲೆ ಬೆಳಕು ಬಿಟ್ಟರು:
ಈ ವರ್ಷದಿಂದ ಎ ಇಲ್ಲ, ಬಿ ಇಲ್ಲ.
ಒಂದು ಎಂದರೆ ಆರಂಭ. ಎರಡು, ತಲುಪುತ್ತಿದ್ದಾರೆ.
ಮೂರು, ತಲುಪಿದ್ದಾರೆ. ನಾಲ್ಕು, ದಾಟಿದ್ದಾರೆ.
"ಎಲ್ಲಿಗೆ?" ಅಂದ ಹಿಂದಿನ ಸಾಲಿನಿಂದ ಡ್ವೇನ್ ಆಲಿ.
"ಹೊರಟವರು ಯಾವ ಬಂದರಿಗೆ ಅಂತ ಹೇಳಬೇಕಲ್ಲ."
ನಕ್ಕೆವು. ಆಕೆಯೂ ನಕ್ಕರು, ಸ್ವಲ್ಪ ತಡವಾಗಿ.

ನಗು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದರು.
ನರ್ಸ್ ಲೊರೇನ್‌ಗೆ ಭಯ: ಬೇಸಿಗೆಯಲ್ಲಿ ಊರು ಬಿಟ್ಟರೆ
ಬ್ಯಾಂಗರ್‌ನ ಶಾಲೆ ಈ ಎರಡು-ಮೂರನ್ನು ಏನೆಂದು ಓದೀತು?
ಮೊಮ್ಮಗನನ್ನು ಸಾಕುತ್ತಿರುವ ಮುದುಕಿ ಹೆಪ್ಸಿಬಾ ಕಾರ್ಲಿಸ್
ಕೈಚೀಲದ ಕೊಕ್ಕೆ ತೆಗೆಯುತ್ತ ಹಾಕುತ್ತ ಕೇಳಿದಳು:
"ಎ ಬಂದರೆ ಒಂದು ಡಾಲರ್ ಕೊಡುತ್ತಿದ್ದೆ. ಮೂರಕ್ಕೆ ಎಷ್ಟು ಕೊಡಲಿ?"
ಯಾರೋ ಅಂದರು, ನಾಲ್ಕನ್ನು ಯಾರಿಗೂ ಕೊಡುವುದೇ ಇಲ್ಲವಂತೆ.
"ಹಿಂದೆ ಬಿದ್ದವರನ್ನು ಮುಚ್ಚಿಡುವ ಉಪಾಯ" ಅಂದರು ಇನ್ನೊಬ್ಬರು.
ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ನನ್ನ ಕಾಲದಲ್ಲಿ ಡಿ ಎಂದರೆ ಡಿ.
ಅಮ್ಮ ಆ ಚೀಟಿಯನ್ನು ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದಳು.
ಅಪ್ಪ ಗಂಟೆ ನೋಡಿದಾಗಲೆಲ್ಲ ನನ್ನೆದೆ ಹೊಡೆದುಕೊಳ್ಳುತ್ತಿತ್ತು.
ಆದರೂ, ಏಟು ಎಲ್ಲಿಂದ ಬರುತ್ತದೆಂದು ಗೊತ್ತಿತ್ತು.

ಮೇವಿಸ್‌ಗೆ ಒಂಬತ್ತು ವರ್ಷ.
ಓದಿಗೆ ಎರಡು, ಭಿನ್ನರಾಶಿಗೆ ಎರಡು,
"ಸರದಿಗಾಗಿ ಕಾಯುತ್ತಾಳೆ" ಎಂಬುದಕ್ಕೆ ಮೂರು.
ಒಟ್ಟು ನಲವತ್ತೊಂದು ಸಾಲು.
ಬೆಳಗಿನ ಜಾವ ನಾನು ಓದುವ ಕಡಲಿನ ಹವಾಮಾನ ಇದಕ್ಕಿಂತ ಚಿಕ್ಕದು,
ಅದನ್ನು ನಂಬಿ ಜೀವ ಒಯ್ಯುತ್ತೇನೆ.
ರಾತ್ರಿ ಹಲ್ಲುಜ್ಜುವ ನೊರೆಯ ಬಾಯಲ್ಲೇ ಕೇಳಿದಳು:
"ಅಪ್ಪಾ, ದಾಟಿದವರು ನಾಳೆ ಯಾಕೆ ಶಾಲೆಗೆ ಬರ್ತಾರೆ?"

ಶನಿವಾರ ದೋಣಿಗೆ ಕರೆದೊಯ್ದೆ.
ಬೋನು ಮೇಲೆ ಬಂದಾಗ ಹಿತ್ತಾಳೆಯ ಅಳತೆಪಟ್ಟಿ ಅವಳ ಕೈಯಲ್ಲಿ.
ಕಣ್ಣಿನ ಗುಳಿಯಿಂದ ಬೆನ್ನಚಿಪ್ಪಿನ ಅಂಚಿನವರೆಗೆ ಮೂರೂಕಾಲು ಇಂಚು;
ಅದಕ್ಕಿಂತ ಕಡಿಮೆಯಾದರೆ ಲಾಬ್‌ಸ್ಟರ್ ವಾಪಸ್ ನೀರಿಗೆ.
ಐದು ಮೀರಿದರೆ ಅದೂ ನೀರಿಗೆ.
ಬಾಲದಲ್ಲಿ ಕಚ್ಚು ಕಂಡರೆ ಅಳೆಯುವುದೇ ಇಲ್ಲ:
ಮೊಟ್ಟೆ ಹೊತ್ತವಳೆಂದು ಯಾರೋ, ಎಂದೋ ಗುರುತು ಹಾಕಿ ಬಿಟ್ಟಿದ್ದಾರೆ.
ಇದನ್ನು ಅಪ್ಪ ನನಗೆ ಬಾಯಲ್ಲಿ ಕಲಿಸಲಿಲ್ಲ.
ನಾನು ಕದ್ದು ತೊಟ್ಟಿಗೆ ಹಾಕಿದ್ದ ಸಣ್ಣದೊಂದನ್ನು ಎತ್ತಿ,
ನನ್ನ ಮುಖವನ್ನೇ ನೋಡುತ್ತ, ಕಡಲಿಗೆ ಹಾಕಿದ್ದ.

ಮೇವಿಸ್ ಒಂದನ್ನು ಎರಡು ಸಲ ಅಳೆದಳು. ಮತ್ತೂ ಒಂದು ಸಲ.
"ಮೂರೂಕಾಲಿಗೆ ಕೂದಲೆಳೆ ಕಡಿಮೆ" ಅಂದಳು.
"ಎಸಿ" ಅಂದೆ. ಇನ್ನೂ ಎಂಬತ್ತು ಬೋನು ಬಾಕಿ, ಉಬ್ಬರ ತಿರುಗುತ್ತಿತ್ತು.
ಎಸೆಯಲಿಲ್ಲ.
ದೋಣಿಯಂಚಿಗೆ ಹೊಟ್ಟೆಯೂರಿ, ತೋಳುದ್ದ ಬಾಗಿ,
ಬಾಲವನ್ನು ಮೊದಲು ನೀರಿಗೆ ತಾಗಿಸಿ
ಕೈ ಬಿಟ್ಟಳು.
ಇಪ್ಪತ್ತಾರು ವರ್ಷ ನಾನು ಎಸೆಯುತ್ತಲೇ ಬಂದಿದ್ದೇನೆ.

ಕಾರ್ಡಿನ ಕೊನೆಗೆ "ಪೋಷಕರ ಅಭಿಪ್ರಾಯ", ಎರಡು ಗೆರೆ.
ಸಭೆಯಲ್ಲಿ ಕೇಳದೆ ನುಂಗಿದ್ದೆಲ್ಲ ಅಲ್ಲಿ ಹಿಡಿಸುವುದಿಲ್ಲ.
ಎಂಜಿನ್ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟು ಬರೆದೆ:
ಸಣ್ಣದನ್ನು ಎಸೆಯುವುದಿಲ್ಲ, ಬಾಗಿ ಬಿಡುತ್ತಾಳೆ.
ಇದು ನಿಮ್ಮ ಯಾವ ಸಾಲಿಗೆ ಬರುತ್ತದೆ? ಹುಡುಕಿದೆ, ಸಿಗಲಿಲ್ಲ.

ಭಿನ್ನರಾಶಿಯ ಎರಡು ನನಗಿನ್ನೂ ಅರ್ಥವಾಗಿಲ್ಲ.
ಸಹಿ ತಪ್ಪಿ ಶಿಕ್ಷಕರ ಜಾಗದಲ್ಲಿ ಬಿತ್ತು.
ಹಾಗೇ ಕಳಿಸಿದ್ದೇನೆ, ಮೀನಿನ ವಾಸನೆ ಸಮೇತ.